ಏಳನೇ ನಂಬರಿನ ಮಂಚ

"ನಾನು ಕುಡಿಯೋನಲ್ಲ ರೀ ಮೇಡಂ. ಬೇಕಾದ್ರೆ ಬಾಯಿ ಮೂಸಿ ನೋಡ್ರಿ," ಎನ್ನುತ್ತ ನಾಲ್ಕನೇ ನಂಬರಿನ ಗಿರಾಕಿ ಕೌಂಟರಿನ ಮೇಲೆ ಬಾಗಿದಾಗ ಶಾಂತಲಾ ಎರಡು ಹೆಜ್ಜೆ ಹಿಂದೆ ಸರಿದಳು. ಔಷಧಿ ಕಂಪನಿಯ ವಿನಯ್ ಕುಮಾರ್ ಚನ್ನಗಿರಿಗೆ ಬಂದಾಗಲೆಲ್ಲ ಪ್ರಸನ್ನ ಲಾಡ್ಜಿನಲ್ಲೇ ಇಳಿಯುವವನು. ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಅವನು ಮೆಟ್ಟಿಲಿಳಿದದ್ದನ್ನು ಯಾರೂ ನೋಡಿರಲಿಲ್ಲ. ಈ ಬೆಳಿಗ್ಗೆ ಬನಿಯನ್ನಿನಲ್ಲೇ ಬಂದಿದ್ದ. ಬನಿಯನ್ನಿನ ಕತ್ತು ಒದ್ದೆಯಾಗಿತ್ತು.

"ನಿದ್ದೆಗಣ್ಣಾಗೆ ಮಂಚದಿಂದ ಬಿದ್ದಿರಬೇಕು ಸರ್."

"ಬಿದ್ದಿದ್ರೆ ಮೈಕೈ ನೋಯ್ತಿರಲಿಲ್ವಾ? ಎಚ್ಚರಾಗಿ ನೋಡ್ತೀನಿ, ನೆಲದ ಮೇಲೆ ಅಂಗಾತ ಮಲಗೀನಿ. ತಲೆ ಕೆಳಗೆ ದಿಂಬು ಐತೆ. ಎರಡೂ ಕೈ ಎದೆ ಮೇಲೆ ಅದಾವೆ. ಯಾರೋ ಎತ್ತಿ ಮೆತ್ತಗೆ ಇಳಿಸಿದಂಗೆ. ಬಾಯೆಲ್ಲ ನೀರು. ಬಾಗಿಲ ಚಿಲಕ ಮಾತ್ರ ನಾನು ಹಾಕಿದ್ದು ಹಾಕಿದಂಗೇ ಐತೆ." ಅವನು ಬ್ಯಾಗು ತರಲು ಮತ್ತೆ ಒಳಗೆ ಹೋಗಲಿಲ್ಲ. ಶಾಂತಲಾಳೇ ಹೋಗಿ ತಂದುಕೊಟ್ಟಳು. ಮಂಚದ ಮೇಲೆ ಹೊದಿಕೆ ಅಚ್ಚುಕಟ್ಟಾಗಿ ಮಡಿಚಿ ಕಾಲಿನ ಕಡೆ ಇಟ್ಟಿತ್ತು.

ಆ ವಾರದಲ್ಲಿ ಇದು ಮೂರನೆಯದು. ಸೋಮವಾರ ಎರಡನೇ ನಂಬರಿನಲ್ಲಿ ಹೊನ್ನಾಳಿಯ ಮೆಕ್ಕೆಜೋಳದ ದಲ್ಲಾಳಿ ಹೀಗೇ ನೆಲದ ಮೇಲೆ ಎದ್ದಿದ್ದ. ಆತ ಕುಡಿಯುವವನೇ ಆದ್ದರಿಂದ ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಬುಧವಾರ ಒಂಬತ್ತನೇ ನಂಬರಿನಲ್ಲಿ, ಪರೀಕ್ಷೆಯ ಕೆಲಸಕ್ಕೆ ಬಂದಿದ್ದ ಮೇಷ್ಟರಮ್ಮ. ಆಕೆಯದು ನಕ್ಕುಬಿಡುವ ವಿಷಯವಲ್ಲ. ಒದ್ದೆ ತುಟಿಗಳನ್ನು ಸೆರಗಿನಿಂದ ಒರೆಸಿಕೊಂಡು, ಒಂದು ಮಾತೂ ಆಡದೆ, ಬೀಗದ ಕೈ ಕೌಂಟರಿನ ಮೇಲಿಟ್ಟು ಹೋಗಿದ್ದಳು. ಬೈದು ಹೋಗಿದ್ದರೆ ಶಾಂತಲಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಲಾಡ್ಜನ್ನು ಹೊಸದು ಮಾಡಿದ್ದು ಅವಳೇ. ಬಸ್ ಸ್ಟ್ಯಾಂಡಿನ ಸುತ್ತ ಹೊಳೆಯುವ ಲಾಡ್ಜುಗಳು ಎದ್ದ ಮೇಲೆ ಪ್ರಸನ್ನ ಲಾಡ್ಜಿಗೆ ಬರುವವರು ಕೋರ್ಟಿನ ವಾಯಿದೆಗೆ ಬಂದವರು ಮತ್ತು ಕೊನೆ ಬಸ್ಸು ತಪ್ಪಿದವರು ಮಾತ್ರ ಆಗಿದ್ದರು. ಅವಳ ತಂದೆ ಬೆನಕಪ್ಪ ಕಟ್ಟಡವನ್ನು ಟೈಲ್ಸ್ ಅಂಗಡಿಯವರಿಗೆ ಮಾರುವ ಮಾತು ತೆಗೆದಿದ್ದರು. ದಾವಣಗೆರೆಯ ದೊಡ್ಡ ಹೋಟೆಲಿನಲ್ಲಿ ಎಂಟು ವರ್ಷ ರೂಮುಗಳ ಉಸ್ತುವಾರಿ ನೋಡಿದ್ದ ಶಾಂತಲಾ, "ಒಂದು ವರ್ಷ ನನ್ನ ಕೈಗೆ ಕೊಡ್ರಿ ಅಪ್ಪಾಜಿ" ಎಂದು ಬಂದು ಕೂತಳು. ಹೊಸ ಸಾಮಾನು ಒಂದನ್ನೂ ಕೊಳ್ಳುವುದಿಲ್ಲ ಎಂದಳು. ತಾತನ ಕಾಲದ ತೇಗದ ಮಂಚ, ಬೆತ್ತದ ಕುರ್ಚಿ, ಬೀರು ಎಲ್ಲ ಇದ್ದವು. ಈಗಿನವರು ಮಾಡುವ ಹೊಟ್ಟಿನ ಹಲಗೆಯ ಮಂಚ ಎರಡು ಮಳೆಗಾಲಕ್ಕೆ ಉಬ್ಬಿಕೊಳ್ಳುತ್ತದೆ. ಇವು ಇನ್ನೂ ಎರಡು ತಲೆಮಾರು ಬಾಳುತ್ತವೆ ಎಂದು ಅವಳ ವಾದ. "ಮುದುಕಿಗೆ ಶೃಂಗಾರ ಮಾಡ್ತೀನಿ ಅಂತೀಯ, ಮಾಡು," ಎಂದು ಬೆನಕಪ್ಪ ಒಪ್ಪಿದ್ದರು. ಒಂದೇ ಷರತ್ತು: ಮೇಲಿನ ಏಳನೇ ನಂಬರಿಗೆ ಕೈ ಹಾಕಬಾರದು. ಅದಕ್ಕೆ ಬೀಗ ಬಿದ್ದು ಹನ್ನೊಂದು ವರ್ಷವಾಗಿತ್ತು.

ಬೇಡ ಎಂದರೆ ಕೇಳುವ ಜಾಯಮಾನ ಅವಳದಲ್ಲ. ಅಪ್ಪಾಜಿ ಮೊಣಕಾಲು ತೋರಿಸಲು ದಾವಣಗೆರೆಗೆ ಹೋದ ದಿನವೇ ಬೀಗ ಒಡೆಸಿದಳು. ಒಳಗೆ ದೆವ್ವವೂ ಇರಲಿಲ್ಲ, ಬಂಗಾರವೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಒರಗಿಸಿಟ್ಟ ಒಂದು ಮಂಚವಿತ್ತು, ಉಳಿದ ಒಂಬತ್ತರಂಥದ್ದೇ. ಅದನ್ನೂ ಹಿತ್ತಿಲಿಗೆ ಇಳಿಸಿದರು.

ನ್ಯಾಮತಿಯ ಬಡಗಿ ಕೊಟ್ರೇಶ್ ಹತ್ತೂ ಮಂಚಗಳನ್ನು ಬಿಚ್ಚಿದ. ಹಳೇ ಕಾಲದ ಕೆಲಸಗಾರ. ಬಿಚ್ಚುವ ಮೊದಲು ಕಾಲಿಗೆ, ಅಡ್ಡಪಟ್ಟಿಗೆ, ತಲೆಹಲಗೆಗೆ ಉಳಿಯಿಂದ ಕಚ್ಚು ಹಾಕುವುದು ಅವನ ಪದ್ಧತಿ. ಒಂದನೇ ಮಂಚಕ್ಕೆ ಒಂದು ಕಚ್ಚು, ಎರಡನೆಯದಕ್ಕೆ ಎರಡು. ಮತ್ತೆ ಜೋಡಿಸುವಾಗ ಒಂದರ ಕಾಲು ಇನ್ನೊಂದಕ್ಕೆ ಹೋಗಬಾರದು. ಬಿಚ್ಚಿಟ್ಟು ಅವನು ತಂಗಿಯ ಮದುವೆಗೆಂದು ಊರಿಗೆ ಹೋದ. ಹೊನ್ನಾಳಿಯಿಂದ ಪಾಲಿಶಿನವರು ಉಜ್ಜುವ ಮಷೀನು ಹಿಡಿದು ಬಂದರು. ಆ ಕಚ್ಚುಗಳನ್ನು ಶಾಂತಲಾ ಹಳೆಯ ಗಾಯ ಎಂದುಕೊಂಡಳು. ಪಾಪ, ಮರಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಮರುಗಿ, ತಾನೇ ಎದುರು ನಿಂತು ಒಂದೊಂದಕ್ಕೂ ಪುಟ್ಟಿ ತುಂಬಿಸಿ ಉಜ್ಜಿಸಿದಳು.

ಮದುವೆ ಮುಗಿಸಿ ಬಂದ ಕೊಟ್ರೇಶ್ ಮಂಚದ ಕಾಲೊಂದನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದ. "ನನ್ನ ಗುರುತು ಎಲ್ಲಿ ಹೋದ್ವು ಅಕ್ಕಾರೆ?" ಎಂದ. ಅವಳು ನಾಲಿಗೆ ಕಚ್ಚಿಕೊಂಡಳು. ಅಳತೆ ಎಲ್ಲ ಒಂದೇ ಆದ್ದರಿಂದ ಹತ್ತು ಮಂಚಗಳು ಹೇಗೋ ಎದ್ದು ನಿಂತವು. ಯಾವುದರ ಕಾಲು ಯಾವುದಕ್ಕೆ ಸೇರಿತೋ ಶಿವನೇ ಬಲ್ಲ.

ಈಗ, ವಿನಯ್ ಕುಮಾರ್ ಹೋದ ಮೇಲೆ, ಬೆನಕಪ್ಪ ಕೌಂಟರಿನ ಹಿಂದಿನ ಬೆಂಚಿನ ಮೇಲೆ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖ ಸುಣ್ಣದಂತಾಗಿತ್ತು.

"ಏಳರ ಮಂಚ ಎಲ್ಲೈತೆ ಶಾಂತಾ?"

"ಅದನ್ನೂ ಬಿಚ್ಚಿಸಿದೆ ಅಪ್ಪಾಜಿ. ಎಲ್ಲ ಕಲೆತು ಹೋಗ್ಯಾವೆ. ಯಾಕೆ?"

ಬೆನಕಪ್ಪ ತಡೆತಡೆದು ಹೇಳಿದರು. ಹನ್ನೊಂದು ವರ್ಷದ ಹಿಂದೆ ಸಂತೇಬೆನ್ನೂರಿನ ಸಂತೆಗೆ ಕುರಿ ಹೊಡೆದುಕೊಂಡು ಬಂದಿದ್ದ ಒಬ್ಬ ಮನುಷ್ಯ ವ್ಯಾಪಾರ ಮುಗಿಸಿ ಏಳನೇ ನಂಬರಿನಲ್ಲಿ ಉಳಿದಿದ್ದ. ಜಗಳೂರು ತಾಲ್ಲೂಕಿನ ಸೊಕ್ಕೆಯವನು, ತಿಪ್ಪೇರುದ್ರಸ್ವಾಮಿ ಎಂದು ಹೆಸರು.

"ಸಂಜೆಗೆ ರೂಮಿನ ಗಂಟೆ ಬಾರಿಸಾಕೆ ಹತ್ತಿದ. ನೀರು ಬೇಕು ಅಂತ ಕೂಗ್ತಿದ್ದ. ಕೆಲಸದೋರು ಯಾರೂ ಇರಲಿಲ್ಲ. ಕುಡಿದು ಕೂಗ್ತಾನೆ, ಯಾವನು ಮೆಟ್ಟಿಲು ಹತ್ತಿ ಸಾಯ್ತಾನೆ ಅಂತ ನಾನು ಇಲ್ಲೇ ಕೂತೆ. ಆಮೇಲೆ ಗಂಟೆ ನಿಲ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ಮಂಚದ ಮೇಲೇ ಹೋಗಿದ್ದ."

ಶಾಂತಲಾ ಬಂದು ಬೆಂಚಿನ ತುದಿಯಲ್ಲಿ ಕೂತಳು.

"ಮನೇಲಾದ್ರೆ ಜೀವ ಹೋಗೋ ಹೊತ್ತಿಗೆ ಮಂಚದಿಂದ ಇಳಿಸ್ತಾರೆ, ನೆಲದ ಮೇಲೆ ಮಲಗಿಸಿ ಬಾಯಿಗೆ ನೀರು ಬಿಡ್ತಾರೆ. ಇಲ್ಲಾಂದ್ರೆ ಆ ಮಂಚ ಹೊತ್ಕೊಂಡೇ ತಿರುಗಬೇಕು ಅಂತಾರೆ. ಅವನಿಗೆ ಇಳಿಸೋರು ಯಾರಿದ್ರು? ಲಾಡ್ಜಿನ ಹೆಸರು ಕೆಡ್ತೈತೆ ಅಂತ, ಆಟೋದಾಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ವಾಗ ಹೋದ ಅಂತ ಅವನ ಮನೆಯೋರಿಗೆ ಹೇಳಿದೆ."

"ಈಗ ಅವನು ಎಲ್ರನ್ನೂ ಇಳಿಸ್ತಾ ಇದಾನೆ," ಎಂದಳು ಶಾಂತಲಾ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಳು. ಇಂಥದ್ದನ್ನು ಹೇಳಿದವರನ್ನು ಹುಚ್ಚರೆಂದು ನಕ್ಕವಳು ಅವಳು. ಆಸ್ಪತ್ರೆಯ ಮಂಚದ ಮೇಲೆ ದಿನಕ್ಕೊಬ್ಬರು ಸಾಯುತ್ತಾರೆ, ಮಂಚ ಎಸೆಯುತ್ತಾರೇನು ಎಂದು ಕೇಳುವವಳು.

ಬರುವ ಭಾನುವಾರ ಒಂದು ಮದುವೆಯ ದಿಬ್ಬಣದವರು ಹತ್ತೂ ರೂಮುಗಳನ್ನು ಹಿಡಿದಿದ್ದರು. ಆ ದಿನ ಸರಿಯಾಗಿ ಕಳೆದರೆ ಲಾಡ್ಜು ಉಳಿದಂತೆ. ಹತ್ತು ರೂಮಿನ ಜನ ಬೆಳಿಗ್ಗೆ ನೆಲದ ಮೇಲೆ ಎದ್ದರೆ ಅಲ್ಲಿಗೆ ಮುಗಿಯಿತು. "ಹತ್ತೂ ಮಂಚ ಸುಟ್ಟುಬಿಡಣ," ಎಂದರು ಬೆನಕಪ್ಪ.

"ಸುಟ್ರೆ ಅವನು ಎಲ್ಲಿಗೆ ಹೋಗ್ತಾನೆ? ನಾನು ಸೊಕ್ಕೆಗೆ ಹೋಗ್ತೀನಿ. ಮನೆಯೋರಿಗೆ ನಿಜ ಹೇಳ್ತೀನಿ."

"ಹೆಣದ ಲಾಡ್ಜ್ ಅಂತ ಹೆಸರು ಬೀಳ್ತೈತೆ. ನೀನೇ ಉಳಿಸ್ತೀನಿ ಅಂತ ಬಂದೋಳು, ನೀನೇ ಮುಳುಗಿಸ್ತೀಯ."

"ಗಂಟೆ ಕೇಳಿಸ್ಕೊಂಡು ಕೂತೋರು ನೀವು ಅಪ್ಪಾಜಿ. ನಾನೂ ಕೂರಬೇಕಾ?" ಎಂದಳು. ಅಪ್ಪನಿಗೆ ಆ ಮಾತು ಆಡಿದ್ದಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಆದರೆ ಹಿಂತೆಗೆದುಕೊಳ್ಳಲಿಲ್ಲ.

ಸೊಕ್ಕೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಿಪ್ಪೇರುದ್ರಸ್ವಾಮಿಯ ಹೆಂಡತಿ ಕೊಲ್ಲಾಪುರಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಡಕಲು ಮೈ, ಚುರುಕು ಕಣ್ಣು. ಶಾಂತಲಾ ಬೆವರುತ್ತ, ತೊದಲುತ್ತ ಎಲ್ಲ ಹೇಳಿದಳು: ಗಂಟೆ, ನೀರು, ಮಂಚ, ಸುಳ್ಳು. ಬೈಗುಳಕ್ಕೆ, ಶಾಪಕ್ಕೆ ಮೈ ಗಟ್ಟಿ ಮಾಡಿಕೊಂಡು ಕಾದಳು. ಮುದುಕಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಮನೆಯ ಬಾಗಿಲ ಕಡೆ ನೋಡಿದಳು.

"ಹಂಗಾದ್ರೆ ಅದು ಮಂಚ," ಎಂದಳು.

"ಏನಜ್ಜಿ?"

"ನಸುಕಿನಾಗೆ ಕನಸಿಗೆ ಬರ್ತಾರೆ ಯವ್ವಾ. ಹನ್ನೊಂದು ವರ್ಷಾತು. ಬೆನ್ನ ಮ್ಯಾಲೆ ಏನೋ ಹೊರೆ ಹೊತ್ಕೊಂಡು ಬಾಗಿಲಾಗೆ ನಿಂತಿರ್ತಾರೆ. ಒಳಗ ಬರ್ರಿ ಅಂತೀನಿ. ಬಾಗಿಲು ಸಣ್ಣದಾತು ಕಣೆ, ಹಿಡಿಸವಲ್ದು ಅಂತಾರೆ. ಕುರಿ ಕಾಯೋರು, ಹುಲ್ಲಿನ ಹೊರೆ ಇರಬೇಕು ಅನ್ಕಂಡಿದ್ದೆ." ಆಮೇಲೆ ಅವಳು ಅತ್ತಳು. ಶಾಂತಲಾಳೂ ಅತ್ತಳು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕೊಲ್ಲಾಪುರಮ್ಮ ಪ್ರಸನ್ನ ಲಾಡ್ಜಿನ ಬಾಗಿಲಲ್ಲಿ ನಿಂತಿದ್ದಳು. ಕೊಟ್ರೇಶ್ ಕೈ ಕಟ್ಟಿಕೊಂಡು, "ಅಜ್ಜಿ, ಎಲ್ಲ ಒಂದೇ ತೇಗ, ಒಂದೇ ಅಳತೆ. ಯಾವ ತುಂಡು ಯಾವ ಮಂಚದಾಗೈತೋ ಹುಡುಕಾಕೆ ಆಗಲ್ಲ. ತಪ್ಪು ನಮ್ಮದು," ಎಂದ.

"ನನ್ನ ತಪ್ಪು," ಎಂದಳು ಶಾಂತಲಾ.

"ಮಂಚ ತಗಂಡು ನಾನೇನು ಮಾಡ್ಲಿ?" ಎಂದಳು ಮುದುಕಿ. "ನನಗೆ ಅವರು ಬೇಕು. ಹತ್ತು ಕಡೆ ಅದಾರೆ ಅಂದ್ರೆ ಹತ್ತು ಕಡೆನೂ ಕರೀತೀನಿ. ನೀರು ಯಾರು ತರ್ತೀರಿ?"

ಬೆನಕಪ್ಪ ಬೆಂಚಿನಿಂದ ಎದ್ದರು. "ನಾನು ತರ್ತೀನಿ ತಾಯಿ," ಎಂದರು. ಅವರು ತುಂಬಿಸಿ ತಂದ ಚೊಂಬಿಗೆ ಶಾಂತಲಾ ಕೈ ಚಾಚಿದರೂ ಕೊಡಲಿಲ್ಲ.

ಕೆಳಗಿನ ಐದು ರೂಮುಗಳನ್ನು ಮೊದಲು ಮುಗಿಸಿದರು. ಪ್ರತಿ ರೂಮಿನಲ್ಲೂ ಮುದುಕಿ ಮಂಚದ ಪಕ್ಕ ನೆಲದ ಮೇಲೆ ಕೂರುವಳು. ಹೊಸ ಪಾಲಿಶಿನ ವಾಸನೆಗೆ ಮೂಗು ಸೊಟ್ಟ ಮಾಡುವಳು. ಮಂಚದ ಪಟ್ಟಿಯನ್ನು ಅಂಗೈಯಿಂದ ತಟ್ಟಿ, ಮನೆಯ ಗಂಡಸನ್ನು ಊಟಕ್ಕೆ ಎಬ್ಬಿಸುವ ದನಿಯಲ್ಲಿ, "ಇಳೀರಿ, ಸಾಕು. ಕೆಳಗ ಬರ್ರಿ. ನಾನು ಬಂದೀನಿ," ಎನ್ನುವಳು. ಬೆನಕಪ್ಪ ಚೊಂಬು ಬಗ್ಗಿಸುವರು. ಅವಳು ಬೆರಳಿನಿಂದ ನಾಲ್ಕು ಹನಿ ನೆಲಕ್ಕೆ ಬಿಡುವಳು. ಕಾಯುವಳು. ಬಸ್ ಸ್ಟ್ಯಾಂಡಿನ ಹಾರ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎರಡರಲ್ಲಿ, ನಾಲ್ಕರಲ್ಲಿ ಅವಳು ಸ್ವಲ್ಪ ಹೆಚ್ಚು ಹೊತ್ತು ಕೂತಳು. ಯಾಕೆಂದು ಯಾರೂ ಕೇಳಲಿಲ್ಲ.

ಮೇಲಿನ ರೂಮುಗಳಿಗೆ ಹತ್ತೊಂಬತ್ತು ಮೆಟ್ಟಿಲು. ಬೆನಕಪ್ಪ ಒಂದೊಂದು ಮೆಟ್ಟಿಲಿಗೂ ನಿಂತು, ಕಂಬಿ ಹಿಡಿದು, ಚೊಂಬಿನ ನೀರು ತುಳುಕದಂತೆ ಹತ್ತಿದರು. ಏಳನೇ ನಂಬರಿನ ಬಾಗಿಲನ್ನು ಅವರೇ ತಳ್ಳಿದರು. ಒಳಗೆ ಹೋಗಿ ಮೊಣಕಾಲೂರಿ ಕೂತು, "ತಡ ಆತು ಸ್ವಾಮಿ," ಎಂದರು. ಅಷ್ಟು ದೊಡ್ಡ ಗಂಡಸು ಹಾಗೆ ಬಿಕ್ಕಿ ಅಳುವುದನ್ನು ಶಾಂತಲಾ ನೋಡಿರಲಿಲ್ಲ. ಕೊಲ್ಲಾಪುರಮ್ಮ ಅವರನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. "ನೀರು ಬಿಡ್ರಿ," ಎಂದಳು, ಅಷ್ಟೆ.

ಹತ್ತನೇ ನಂಬರಿಗೆ ಬರುವಾಗ ಮಧ್ಯಾಹ್ನವಾಗಿತ್ತು. ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಮುದುಕಿ ಇಲ್ಲೂ ಪಟ್ಟಿ ತಟ್ಟಿದಳು, ಕರೆದಳು, ನೀರು ಬಿಟ್ಟಳು. ಚೊಂಬು ಖಾಲಿಯಾಯಿತು. ಏನೂ ಆಗಲಿಲ್ಲ. ಶಾಂತಲಾ ಮಂಚದ ಕಾಲನ್ನು ಮುಟ್ಟಿ ನೋಡಿದಳು. ಹತ್ತು ಕಡೆ ಹಂಚಿಹೋದ ಮನುಷ್ಯನನ್ನು ಕೂಡಿಸುವುದು ಯಾರಿಗಾದರೂ ಸಾಧ್ಯವೇ? ತಾನೇ ಹಂಚಿದ್ದು. ಮಹಾ ಜಾಣೆಯ ಹಾಗೆ ಗಾಯಗಳಿಗೆ ಪುಟ್ಟಿ ತುಂಬಿದ್ದು.

"ಒಂದು ಚಾಪೆ ಐತೇನು?" ಎಂದಳು ಕೊಲ್ಲಾಪುರಮ್ಮ. "ದಣಿವಾತು. ಒಂದೀಟು ಹೊತ್ತು ಅಡ್ಡಾಗ್ತೀನಿ. ನೀವು ಉಣ್ಣೋಗ್ರಿ."

ಶಾಂತಲಾ ಜೊಂಡಿನ ಚಾಪೆ ತಂದು ಮಂಚದ ಪಕ್ಕ ಹಾಸಿದಳು. ಮುದುಕಿ ಅದರ ನಡುವೆ ಮಲಗಲಿಲ್ಲ. ಗೋಡೆಯ ಕಡೆಗೆ ಸರಿದು, ಮಂಚದ ಕಡೆಯ ಅರ್ಧವನ್ನು ಖಾಲಿ ಬಿಟ್ಟು, ಮಗ್ಗುಲಾಗಿ ಕಣ್ಣು ಮುಚ್ಚಿದಳು. ಬೆನಕಪ್ಪ ಚೊಂಬು ಹಿಡಿದು ಹೊರಗೆ ಬಂದರು. ಶಾಂತಲಾ ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಒಳಗೆ ಚಾಪೆ ಚರಚರ ಎಂದಿತು.

ಮುದುಕಿ ಅಲುಗಿರಲಿಲ್ಲ. ಈಗ ಅಲುಗಿದಳು. ಕಣ್ಣು ತೆರೆಯದೆ ಗೋಡೆಯ ಕಡೆಗೆ ಇನ್ನಷ್ಟು ಸರಿದಳು. "ಬಂದ್ರಾ?" ಎಂದಳು, ಬಹಳ ಮೆಲ್ಲಗೆ, ಸಂತೆಯಿಂದ ತಡವಾಗಿ ಬಂದವರನ್ನು ಕೇಳುವ ಹಾಗೆ. ಆಮೇಲೆ ತನ್ನ ಸೆರಗನ್ನು ಬಿಡಿಸಿ ಪಕ್ಕದ ಖಾಲಿ ಜಾಗದ ಮೇಲೆ ಹೊದಿಸಿದಳು. ಸೆರಗು ಚಾಪೆಯವರೆಗೆ ಇಳಿಯಲಿಲ್ಲ.