ತಾತನವರು ಹೇಳದೆ ಉಳಿಸಿದ ಹೆಸರು

ನಿಮ್ಮ ಗುರುಗಳ ಹೆಸರಿಗೆ ಜಯಕಾರ ಹಾಕುತ್ತಲೇ ಕೆಲವರು ದಾರಿಹೋಕನ ಕಾಲು ಮುರಿದರೆ, ಅದಕ್ಕೂ ನಿಮಗೂ ಸಂಬಂಧವಿಲ್ಲವೆಂದು ನೀವು ಯಾವ ಧೈರ್ಯದ ಮೇಲೆ ಹೇಳುತ್ತೀರಿ? ನಮ್ಮ ಕಮಲಾಪುರದಲ್ಲಿ ಹಾಗೆ ಹೇಳಿದವರೇ ಹೆಚ್ಚು. ನಡೆದದ್ದನ್ನು ಕೇಳಿ, ಆಮೇಲೆ ನಿಮ್ಮ ಉತ್ತರ ನೀವೇ ಕೊಟ್ಟುಕೊಳ್ಳಿ.

ಮಾರುತೇಶ್ ನಮ್ಮೂರಿನವನು, ಬಾಡಿಗೆಗೆ ಸಾಮಾನು ಸಾಗಿಸುವ ಗೂಡ್ಸ್ ಗಾಡಿಯ ಚಾಲಕ. ಕಂಪ್ಲಿಯ ರೈತ ಖಾಸಿಂಸಾಬ್ ತನ್ನ ಒಂಟಿ ಎತ್ತಿಗೆ ಜೋಡಿಯನ್ನು ಹುಡುಕಿ, ಸಂಡೂರು ತಾಲ್ಲೂಕಿನ ವಡ್ಡುವಿನಲ್ಲಿ ಒಂದು ಎತ್ತನ್ನು ಕೊಂಡಿದ್ದ. ದುಡಿದ ಎತ್ತನ್ನು ಮಾರುವಾಗ ಆ ಕಡೆಯ ಮನೆಯವರು ಅದರ ಹಣೆಗೆ ಕುಂಕುಮವಿಟ್ಟು, ಆರತಿ ಬೆಳಗಿ, ಮಗಳನ್ನು ಗಂಡನ ಮನೆಗೆ ಕಳುಹಿಸುವಂತೆ ಕಳುಹಿಸುತ್ತಾರೆ. ಅಂದೂ ಹಾಗೆಯೇ ಕಳುಹಿಸಿದ್ದರು. ಎತ್ತನ್ನೂ ಖಾಸಿಂಸಾಬನನ್ನೂ ಹೊತ್ತ ಮಾರುತೇಶನ ಗಾಡಿ ಹೊಸಪೇಟೆಯನ್ನು ಹಾದು, ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿದಾಗ, ಯಲ್ಲೇಶ್ ಎಂಬವನು ತನ್ನ ಸಂಗಡಿಗರೊಂದಿಗೆ ಹಾಡಹಗಲಿನಲ್ಲಿ ಅಡ್ಡಗಟ್ಟಿದ. ಅವನು ನಮ್ಮೂರಿನ ಮಠದ ಯುವಕ ಸಂಘದ ಮುಂದಾಳು. ಎಲ್ಲರ ಹೆಗಲ ಮೇಲೂ ಮಠದ ಶಲ್ಯವಿತ್ತು.

“ಕಡಿಯಾಕ ಒಯ್ಯೋ ಎತ್ತಿಗೆ ಕುಂಕುಮ ಬ್ಯಾರೆ ಹಚ್ಚೀರೇನಲೇ?” ಎಂದು ಯಲ್ಲೇಶ್ ಕೇಳಿದ.

“ಜೋಡಿ ಕಟ್ಟಾಕ ಒಯ್ಯಾಕತ್ತೀವಿ ಅಣ್ಣಾ. ಬೇಕಾದ್ರ ವಡ್ಡುಗೆ ಫೋನ್ ಹಚ್ಚಿ ಕೇಳ್ರಿ,” ಎಂದ ಮಾರುತೇಶ್.

ಯಾರೂ ಫೋನ್ ಮಾಡಲಿಲ್ಲ. ಮಠದ ಸ್ವಾಮಿಗಳನ್ನು ಈ ಭಾಗದವರೆಲ್ಲ ತಾತನವರು ಎಂದು ಕರೆಯುತ್ತಾರೆ. ಅವರ ಹೆಸರಿಗೆ ಜಯಕಾರ ಹಾಕಿಯೇ ಬಡಿಗೆಗಳು ಎದ್ದವು. ಮಾರುತೇಶನ ಕಾಲು ಮೊಣಕಾಲಿನ ಕೆಳಗೆ ಮುರಿಯಿತು. ಖಾಸಿಂಸಾಬನ ಬಲಗಣ್ಣು ಹೋಯಿತು. ಎತ್ತನ್ನು ಬಿಡಿಸಿಕೊಂಡು ಹೋಗಿ ಮಠದ ಗೋಶಾಲೆಯಲ್ಲಿ ಕಟ್ಟಿದರು.

ಇಷ್ಟನ್ನೂ ಕಣ್ಣಾರೆ ಕಂಡವನು ಒಬ್ಬನೇ: ರಸ್ತೆಯ ಬದಿಯಲ್ಲಿ ಬಾಳೆಹಣ್ಣು ಮಾರುವ ಗಾಳೆಪ್ಪ. ಸಾಕ್ಷಿಯಿಲ್ಲದೆ ದೂರು ನಿಲ್ಲುವುದಿಲ್ಲವೆಂದು ಪೊಲೀಸರು ಹೇಳಿದಾಗ, ಮಾರುತೇಶನ ಹೆಂಡತಿ ಚೆನ್ನಬಸಮ್ಮ ಅವನಲ್ಲಿಗೆ ಹೋದಳು.

“ನೋಡೀನವ್ವ, ಸುಳ್ಳ್ಯಾಕ ಹೇಳ್ಲಿ,” ಎಂದ ಗಾಳೆಪ್ಪ. “ಆದ್ರ ನಾನು ಮಠದ ಭಕ್ತ. ಇದು ತಪ್ಪು ಅಂತ ತಾತನೋರು ಸಭಾದಾಗ ಒಂದು ಮಾತು ಅನ್ಲಿ. ಮರುದಿನಾನ ಸ್ಟೇಷನ್‌ಗೆ ಬರ್ತೀನಿ.”

ಒಂದು ಮಾತು. ಇಬ್ಬರ ನ್ಯಾಯ ಆ ಒಂದು ಮಾತಿನ ಮೇಲೆ ನಿಂತಿತು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಇಬ್ಬರಿಗೂ ಪಕ್ಕಪಕ್ಕದ ಮಂಚಗಳು ಸಿಕ್ಕಿದ್ದವು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಖಾಸಿಂಸಾಬ್ ಚೆನ್ನಬಸಮ್ಮನನ್ನು ಕಂಡು, “ನನ್ನ ಎತ್ತಿಗೆ ಮಠದಾಗ ಭರ್ಜರಿ ಊಟ ಐತಂತ ತಂಗೀ. ನಮ್ಮ ಮೂವರೊಳಗ ಅದೊಂದಾ ಪುಣ್ಯವಂತ,” ಎಂದ. ಮಾರುತೇಶ್ ನಕ್ಕು, ಕಾಲಿನ ನೋವಿಗೆ ಮುಖ ಕಿವುಚಿದ.

ಅಷ್ಟರಲ್ಲಿ ಮಠದ ಆಡಳಿತ ನೋಡಿಕೊಳ್ಳುವ ಜಂಬುನಾಥ್ ಬಂದರು. ಭಕ್ತರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮಠದಿಂದ ವಿಭೂತಿ ಕಳುಹಿಸುವ ಪದ್ಧತಿಯುಂಟು. ಅವರು ಮಾರುತೇಶನ ಹಣೆಗೆ ವಿಭೂತಿ ಹಚ್ಚಿ, ಹಣ್ಣಿನ ಚೀಲವನ್ನು ಅವನ ತಲೆದೆಸೆಯಲ್ಲಿಟ್ಟರು. ಪಕ್ಕದ ಮಂಚದ ಕಡೆಗೆ ಬೆನ್ನು ಮಾಡಿಯೇ ನಿಂತಿದ್ದರು.

“ತಾತನೋರು ಭಾಳ ನೊಂದ್ಕೊಂಡಾರ,” ಎಂದರು. “ಹುಡುಗುರಿಗೆ ಗೊತ್ತಾಗ್ಲಿಲ್ಲ. ನಮ್ಮವ ಅಂತ ತಿಳಿದಿದ್ರ ಮುಟ್ತಿದ್ದಿಲ್ಲ.”

“ಇವರು ನಮ್ಮವರಲ್ಲ ಅಂತ ತಿಳಿದು ಮುಟ್ಟಿದ್ದು ಸರಿ ಆತೇನ್ರಿ?” ಎಂದು ಚೆನ್ನಬಸಮ್ಮ ಪಕ್ಕದ ಮಂಚವನ್ನು ತೋರಿಸಿದಳು.

ಜಂಬುನಾಥ್ ಆ ಕಡೆ ತಿರುಗಲಿಲ್ಲ. “ಏನಿದ್ರೂ ತಾತನೋರ ಮುಂದ ಬಂದು ಹೇಳವ್ವ,” ಎಂದು ಹೊರಟರು.

ಅವಳು ಹೋದಳು. ತಾತನವರು ಮಂಚದ ಮೇಲೆ ಕುಳಿತಿದ್ದರು. ಇವಳು ನೆಲದ ಮೇಲೆ ಕುಳಿತಳು.

“ನಾನು ಯಾರಿಗೂ ಹೊಡಿ ಅಂದಿಲ್ಲವ್ವ,” ಎಂದರು ತಾತನವರು.

“ಹೊಡೀಬ್ಯಾಡ ಅಂತಾನೂ ಅಂದಿಲ್ರಿ ತಾತಾ.”

“ಶಲ್ಯ ಹಾಕ್ಕೊಂಡೋರು ಊರಾಗ ಸಾವಿರ ಮಂದಿ ಅದಾರ. ಅವರು ಮಾಡಿದ್ದಕ್ಕೆಲ್ಲ ನಾನು ಉತ್ತರ ಕೊಡ್ತಾ ಕುಂದ್ರಬೇಕೇನು?”

“ಕೊಡಬ್ಯಾಡ್ರಿ. ಆದ್ರ ಹೋದ ವರ್ಷ ಹೊಸಪೇಟೆ ಮೆರವಣಿಗ್ಯಾಗ ನೀವಾ ಕೇಳಿದ್ರಿ. ಎಲ್ಲೋ ದೂರದ ಊರಾಗ ಖಾಸಿಂ ಕಾಕಾನ ಧರ್ಮದ ಮಂದಿ ತಪ್ಪು ಮಾಡಿದಾಗ, ಇವರ ಗುರುಗಳ ಬಾಯಿಗೆ ಬೀಗ ಬಿದ್ದೈತೇನು ಅಂತ ಮೈಕಿನಾಗ ಕೇಳಿದ್ರಿ. ನಾನೂ ಚಪ್ಪಾಳೆ ಹೊಡೆದೆ. ಈಗ ನಿಮ್ಮ ಸರದಿ ಬಂದೈತ್ರಿ.”

ಓದುಗರೇ, ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಆ ಮಠದ ಗೋಡೆಗಳು ಕೇಳಿರಲಾರವು. ಪರರ ಗುರುಗಳಿಗೆ ವಿಧಿಸಿದ ಧರ್ಮವನ್ನು ತಾನು ಪಾಲಿಸದವನು ಗುರುವಿನ ಪೀಠದಲ್ಲಿ ಯಾವ ಅರ್ಹತೆಯಿಂದ ಕೂರುತ್ತಾನೆ?

“ಸೋಮವಾರದ ಸಭಾದಾಗ ನಿನ್ನ ಗಂಡನ ವಿಷಯ ಹೇಳ್ತೀನಿ ಹೋಗು,” ಎಂದರು ತಾತನವರು.

“ಖಾಸಿಂ ಕಾಕಾನ ಹೆಸರೂ ಹೇಳ್ರಿ.”

“ಎಲ್ಲಾ ಒಮ್ಮೆಗೇ ಆಗಂಗಿಲ್ಲವ್ವ. ಮಂದಿ ಮನಸ್ಸು ಒಡೀತೈತಿ.”

ಒಬ್ಬನ ಕಣ್ಣು ಒಡೆದಿತ್ತು. ಅವರ ಚಿಂತೆ ಮಂದಿಯ ಮನಸ್ಸಿನದಾಗಿತ್ತು.

ಸೋಮವಾರ ಸಭಾಮಂಟಪ ತುಂಬಿತ್ತು. ಯಲ್ಲೇಶ್ ಎಂದಿನಂತೆ ಶಲ್ಯ ಹೊದ್ದು ಮುಂದಿನ ಸಾಲಿನಲ್ಲಿದ್ದ. ಅವನನ್ನು ಹಿಂದೆ ಕೂರಿಸುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ಗಾಳೆಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ತಾತನವರು ದಯೆಯ ಬಗ್ಗೆ ಸೊಗಸಾಗಿ ಮಾತನಾಡಿ, ಕೊನೆಯಲ್ಲಿ, “ನಮ್ಮ ಭಕ್ತ ಮಾರುತೇಶನ ಮೇಲೆ ಕೆಲವರು ತಪ್ಪು ತಿಳಿದು ಕೈ ಮಾಡ್ಯಾರ. ಅದು ಆಗಬಾರದಿತ್ತು. ನಮ್ಮವರು ನಮ್ಮವರನ್ನ ಗುರುತು ಹಿಡೀಬೇಕು,” ಎಂದರು.

ಆ ಮಠದಲ್ಲಿ ಭಕ್ತರು ಎದ್ದು ನಿಂತು ಪ್ರಶ್ನೆ ಕೇಳುವ ರೂಢಿಯಿಲ್ಲ. ಕೇಳಬೇಕಾದುದನ್ನು ಜಂಬುನಾಥರ ಕಿವಿಯಲ್ಲಿ ಹೇಳಬೇಕು. ಅವರು ಒಪ್ಪಿದರೆ ಅದು ಪೀಠವನ್ನು ತಲುಪುತ್ತದೆ. ಚೆನ್ನಬಸಮ್ಮ ಎದ್ದು ನಿಂತಳು.

“ಇನ್ನೊಬ್ಬರ ಹೆಸರು ಬಿಟ್ರಿ ತಾತಾ. ಅವರನ್ನ ಹೊಡೆದದ್ದು ತಪ್ಪೋ ಸರಿಯೋ?”

“ಕುಂದರಲೇ,” ಎಂದು ಪಕ್ಕದಲ್ಲಿದ್ದ ಮುದುಕಿ ತಾಯಕ್ಕ ಅವಳ ಸೆರಗು ಜಗ್ಗಿದಳು. “ಗಂಡಂದು ಹೇಳಿಸ್ಕೊಂಡಿಯಲ್ಲ, ಸಾಕಾಗ್ಲಿಲ್ಲೇನು? ಊರ ಉಸಾಬರಿ ನಿನಗ್ಯಾಕ?”

ತಾತನವರು ಮಂಗಳಾರತಿಗೆ ಕೈಸನ್ನೆ ಮಾಡಿದರು. ಗಂಟೆ, ಜಾಗಟೆಗಳ ಸದ್ದಿನಲ್ಲಿ ಅವಳ ಪ್ರಶ್ನೆ ಮುಳುಗಿತು. ಎಲ್ಲರೂ ಕೈಮುಗಿದರು. ನಾವೆಲ್ಲ ಎಷ್ಟು ಭಕ್ತಿಯಿಂದ ಕಣ್ಣು ಮುಚ್ಚಿದೆವೆಂದರೆ, ನಿಂತೇ ಇದ್ದ ಆ ಹೆಣ್ಣುಮಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಗಾಳೆಪ್ಪ ಮಾತಿಗೆ ತಪ್ಪಲಿಲ್ಲ. ಮರುದಿನವೇ ಠಾಣೆಗೆ ಹೋದ. ಮಾರುತೇಶನನ್ನು ಯಲ್ಲೇಶನೂ ಅವನ ಸಂಗಡಿಗರೂ ಹೊಡೆದದ್ದನ್ನು ಕಂಡೆನೆಂದು ಹೇಳಿಕೆ ಕೊಟ್ಟ. ಅದೇ ಗಾಡಿಯ ಪಕ್ಕದಲ್ಲಿ, ಅದೇ ಬಡಿಗೆಗಳ ಕೆಳಗೆ ಬಿದ್ದಿದ್ದ ಖಾಸಿಂಸಾಬನನ್ನು ಯಾರು ಹೊಡೆದರೋ ಕಾಣಲಿಲ್ಲವೆಂದ.

ಠಾಣೆಯ ಬಾಗಿಲಲ್ಲಿ ಚೆನ್ನಬಸಮ್ಮ ಅವನನ್ನು ತಡೆದು, “ಎರಡು ಕಣ್ಣು ನೆಟ್ಟಗದಾವಲ್ಲೋ ನಿನಗ?” ಎಂದು ಕೇಳಿದಳು.

“ತಾತನೋರು ಎಷ್ಟು ಅಂದ್ರೋ ಅಷ್ಟು ಕಂಡೀನವ್ವ,” ಎಂದ ಅವನು.

ಗುರುವಿನ ಮೌನದಿಂದ ಯಾರಿಗೇನು ಹಾನಿ ಎಂದು ಕೇಳುವ ಪಂಡಿತರು ಈ ಮಾತನ್ನು ಮತ್ತೊಮ್ಮೆ ಓದಲಿ. ಪೀಠದ ಮೇಲಿನವನು ಒಂದು ಹೆಸರನ್ನು ನುಂಗಿದರೆ, ಕೆಳಗೆ ಕುಳಿತವನು ಒಬ್ಬ ಮನುಷ್ಯನನ್ನೇ ಕಾಣದಂತಾಗುತ್ತಾನೆ. ಮಾರುತೇಶ್ ಮಾತ್ರ ತನ್ನ ಹೇಳಿಕೆಯಲ್ಲಿ ಇಬ್ಬರಿಗೂ ಬಿದ್ದ ಹೊಡೆತಗಳನ್ನು ಬರೆಸಿದ್ದಾನೆ. ತನ್ನ ಒಬ್ಬನ ಮಟ್ಟಿಗೆ ರಾಜಿಯಾಗಲು ಅವನೂ ಒಪ್ಪಿಲ್ಲ, ಅವನ ಹೆಂಡತಿಯೂ ಒಪ್ಪಿಲ್ಲ. ಆದರೆ ಖಾಸಿಂಸಾಬನ ಪರವಾಗಿ ಹೊರಗಿನ ಸಾಕ್ಷಿ ಇಂದಿಗೂ ಇಲ್ಲ. ತಾತನವರು ಇಂದಿಗೂ ಆ ಹೆಸರನ್ನು ಉಚ್ಚರಿಸಿಲ್ಲ.

ಚೆನ್ನಬಸಮ್ಮ ಪ್ರತಿ ಸೋಮವಾರ ಮಠಕ್ಕೆ ಹೋಗಿ, ಎದ್ದು ನಿಂತು, ಅದೇ ಪ್ರಶ್ನೆಯನ್ನು ಕೇಳುತ್ತಿದ್ದಾಳೆ. ಒಂಟಿ ದನಿಯನ್ನು ಜಾಗಟೆಯಿಂದ ಮುಚ್ಚುವುದು ಸುಲಭ. ಆದ್ದರಿಂದ ಬರುವ ಸೋಮವಾರ ನೀವೂ ಬನ್ನಿ. ಅವಳ ಪಕ್ಕದಲ್ಲಿ ಎದ್ದು ನಿಲ್ಲಿ. ಬರಲಾಗದಿದ್ದರೆ ನಿಮ್ಮ ಊರಿನ ಮಠದಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ, ನಿಮ್ಮವರ ಕೈಯಿಂದ ಪೆಟ್ಟು ತಿಂದವರ ಹೆಸರನ್ನು ಗಟ್ಟಿಯಾಗಿ ಹೇಳಿ, ಅದು ತಪ್ಪೋ ಸರಿಯೋ ಎಂದು ನಿಮ್ಮ ಗುರುಗಳನ್ನು ಕೇಳಿ. ಅವರು ಉತ್ತರ ಕೊಡುವ ತನಕ ಕುಳಿತುಕೊಳ್ಳಬೇಡಿ.