ಅಪ್ಪನ ಬೂಟು

ಅಪ್ಪನದು ಕ್ಷೌರದ ಅಂಗಡಿ, ದಿನವಿಡೀ ನಿಂತೇ ಕೆಲಸ. ಸಕ್ಕರೆ ಕಾಯಿಲೆ ಬಂದು ಅವನ ಪಾದಗಳಿಗೆ ಸ್ಪರ್ಶವೇ ಇಲ್ಲದಂತಾಗಿತ್ತು. ಹುಣ್ಣಾದದ್ದು ಗೊತ್ತಾಗದೆ ಹೋದ ವರ್ಷ ಒಂದು ಬೆರಳು ತೆಗೆಸಬೇಕಾಯಿತು. ಇನ್ನೊಂದು ಹುಣ್ಣಾದರೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆ, ಒತ್ತಡ ಅಳೆಯುವ ಅಟ್ಟೆ ತಂದು ಅವನ ಬೂಟಿನೊಳಗೆ ಹಾಕಿದೆ. ಪಾದದಲ್ಲಿ ಎಲ್ಲಿ ಭಾರ ಹೆಚ್ಚಾದರೂ ನನ್ನ ಮೊಬೈಲಿನಲ್ಲಿ ಆ ಜಾಗ ಕೆಂಪಾಗುತ್ತದೆ. ಸಾಲದ್ದಕ್ಕೆ ಪ್ರತಿ ವಾರ ಅವನ ಪಾದ ತಿರುವಿ ಇಂಚಿಂಚೂ ನೋಡುತ್ತಿದ್ದೆ. ಅಮ್ಮ ಟಾರ್ಚ್ ಹಿಡಿಯುತ್ತಿದ್ದಳು.

ಮೊದಮೊದಲು ಎಲ್ಲ ಹಸಿರೇ ಇತ್ತು. ಆಮೇಲೊಂದು ದಿನ ಬಲಗಾಲಿನ ಹೆಬ್ಬೆರಳ ಬುಡ ಕೆಂಪಾಯಿತು. ಮರುದಿನವೂ ಹಾಗೇ. ಫೋನ್ ಮಾಡಿ ಗದರಿದರೆ ಅಪ್ಪ, "ಕೂತೇ ಇದೀನಮ್ಮ" ಎಂದ. ಕೂತವನ ಪಾದಕ್ಕೆ ಇಷ್ಟು ಭಾರ ಎಲ್ಲಿಂದ ಬಂತು? ಪಿತ್ತ ನೆತ್ತಿಗೇರಿತು. ಕೆಲಸ ಬಿಟ್ಟು ನೇರ ಅಂಗಡಿಗೆ ಹೋದೆ.

ಅಪ್ಪ ಗಿರಾಕಿಯ ಕಿವಿ ಮಡಿಸಿ ಹಿಡಿದು ಕತ್ತರಿ ಆಡಿಸುತ್ತಿದ್ದ. ಕಾಲಲ್ಲಿ ಹಳೇ ಚಪ್ಪಲಿ.

"ಬೂಟೆಲ್ಲಿ?"

"ಕೂದ್ಲೆಲ್ಲ ಒಳಗೆ ಸೇರ್ಕೊಳ್ಳುತ್ತೆ. ಚುಚ್ಚಿದ್ರೂ ನಂಗೆ ಗೊತ್ತಾಗಲ್ವಲ್ಲ, ಅದಕ್ಕೇ ಬಿಟ್ಟೆ."

"ಮತ್ತೆ ಈ ಕೆಂಪು?"

"ನಿಮ್ಮಮ್ಮಂದು. ಬೂಟು ಖಾಲಿ ಬಿಟ್ರೆ ನಿನ್ನ ಫೋನು ಬಾಯಿ ಬಡ್ಕೊಳ್ಳುತ್ತಂತೆ. ನೀನು ಗಾಬರಿಯಾಗ್ಬಾರ್ದು ಅಂತ ಅವಳೇ ಹಾಕ್ಕೊಂಡು ಓಡಾಡ್ತಾಳೆ."

ಗಿರಾಕಿ ಕಿಸಕ್ಕನೆ ನಕ್ಕ. ಸಿಟ್ಟಿನಲ್ಲೂ ನನಗೆ ನಗು ಬಂತು. ಅಪ್ಪನ ಪಾದಗಳನ್ನು ನೋಡಿದೆ, ಚೆನ್ನಾಗಿದ್ದವು. ಅಮ್ಮನಿಗೂ ನಾಲ್ಕು ಮಾತು ಅನ್ನೋಣವೆಂದು ಮನೆಗೆ ಹೊರಟೆ.

ಅಪ್ಪನ ಬೂಟು ಮೆಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದ ಅಮ್ಮ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಕೂರಿಸಿ ಬೂಟು ಎಳೆದೆ. ಕಾಲುಚೀಲ ಹೆಬ್ಬೆರಳ ಬುಡಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ಒಳಗೆ ಹುಣ್ಣು, ಅಂಚೆಲ್ಲ ಜಡ್ಡುಗಟ್ಟಿದೆ, ನಡುವೆ ಕೀವು. ಮೊನ್ನೆ ಮೊನ್ನೆಯದಲ್ಲ.

"ಅಮ್ಮಾ, ನೋಯ್ತಿಲ್ವಾ?"

"ಎಲ್ಲಿ?" ಎಂದಳು.

ಅವಳಿಗೆ ಸಕ್ಕರೆ ಇದೆಯೋ ಇಲ್ಲವೋ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಟಾರ್ಚ್ ಹಿಡಿದವಳ ಪಾದ ಹೇಗಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಫೋನ್ ಮಾಡಿದ ತಕ್ಷಣ ಅಪ್ಪ ಅಂಗಡಿ ಮುಚ್ಚಿ ಓಡಿ ಬಂದ. ಆಸ್ಪತ್ರೆಗೆ ಹೊರಡುವ ಮುಂಚೆ ಬಟ್ಟೆ ಸುತ್ತೋಣವೆಂದು ನಾನು ಅಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಅಪ್ಪ ಟಾರ್ಚ್ ಹಿಡಿದ.

ಅಮ್ಮ ಮಾತ್ರ ಅವನ ಚಪ್ಪಲಿಯನ್ನೇ ನೋಡುತ್ತಿದ್ದಳು.

"ನಂದಿರ್ಲಿ, ನಿಮ್ಮಪ್ಪ ಓಡಿ ಬಂದಿದಾರೆ. ಮೊದ್ಲು ಅವರ ಕಾಲು ನೋಡೇ."