ಕೇಳಿಸದೆ ಹೋದ ಈಡು

ಮಂಜು ಅಂಗಳದ ತುಳಸಿಕಟ್ಟೆಯವರೆಗೂ ಬಂದು ನಿಂತಿದ್ದ ಆ ಬೆಳಿಗ್ಗೆ, ಪದ್ಮಯ್ಯ ತನ್ನ ಕೋವಿಯನ್ನು ಆಕಾಶಕ್ಕೆ ಎತ್ತಿದ್ದೇ ತಡ, ಬೊಳ್ಳಮ್ಮ ಒಳಗಿನಿಂದ ಓಡಿಬಂದು ನಳಿಗೆ ಹಿಡಿದುಕೊಂಡಳು.

"ಬೇಡ ಪದ್ಮಯ್ಯ. ಈಡು ಹೊಡೆಯೋದು ಬೇಡ."

"ಎಂತ ಬೇಡ ಅತ್ತಿಗೆ? ಅಣ್ಣ ಹೋಗಿ ಎರಡು ಗಂಟೆ ಆಯ್ತು. ಈಡು ಕೇಳದೆ ಊರಿಗೆ ಗೊತ್ತಾಗೋದು ಹೇಗೆ?"

"ಅವರೇ ಬೇಡ ಅಂದದ್ದು. ಮೊನ್ನೆ ಕಾವೇರಿ ತೀರ್ಥದ ಗಿಂಡಿ ಮುಟ್ಟಿಸಿ ನನ್ನ ಹತ್ರ ಮಾತು ತಗೊಂಡ್ರು."

ಸಾವಿಗೆ ಎರಡು ಈಡು, ಎರಡು ಗುಂಡಿನ ಸದ್ದು. ಗುಡ್ಡದಾಚೆಯ ತೋಟದವರೂ ಕೈ ನಿಲ್ಲಿಸಿ ಎಣಿಸುತ್ತಾರೆ. ಎರಡಾದರೆ ಕತ್ತಿ ಕೆಳಗಿಟ್ಟು ಹೊರಡುತ್ತಾರೆ. ಈಡಿಲ್ಲದ ಸಾವಿನ ಮನೆಗೆ ಯಾರೂ ಬರುವುದಿಲ್ಲ. ಬರಬೇಕೆಂದು ಅವರಿಗೆ ತಿಳಿಯುವುದೇ ಇಲ್ಲ.

ಒಳಗೆ ಸುಬೇದಾರ್ ದೇರಪ್ಪ ಮಲಗಿದ್ದ. ತಲೆಯ ಬಳಿ ದೀಪ, ಎದೆಯ ಮೇಲೆ ಪಲ್ಟನ್ನಿನ ಪದಕ. ಅಂಗಳದಲ್ಲಿ ಆರೇ ಜನ.

"ಊರನ್ನೆಲ್ಲ ಸೀಟಿ ಊದಿ ಸಾಲು ನಿಲ್ಲಿಸ್ತಿದ್ದವರು," ಎಂದಳು ಪಕ್ಕದ ಮನೆಯ ಕಮಲಕ್ಕ. "ಈಗ ಹೊರೋಕೆ ಹೆಗಲು ಹುಡುಕಬೇಕು."

"ಸುಮ್ಮನಿರು ಕಮಲಕ್ಕ," ಎಂದ ಪದ್ಮಯ್ಯ.

"ನಾನು ಸುಮ್ಮನೇ ಇದ್ದೇನೆ ಮಾರಾಯ. ಆ ಸೀಟಿಯೇ ಇನ್ನೂ ಕಿವಿಲಿ ಉಂಟು."

*

ಅದು ಯುದ್ಧದ ಕಾಲ. ಪಿಂಚಣಿ ಪಡೆದು ಮಾದಾಪುರಕ್ಕೆ ಬಂದಿದ್ದ ದೇರಪ್ಪನಿಗೆ ಸುತ್ತಲಿನ ಭತ್ತ ವಸೂಲಿಯ ಅಧಿಕಾರ ಸಿಕ್ಕಿತು. ಅಂದಿನಿಂದ ಊರು ಪಲ್ಟನ್ನಾಯಿತು. ಶಾಲೆಯ ಬಯಲಿನಲ್ಲಿ ಸೀಟಿ, ಹೆಸರು ಕೂಗುವುದು, ಕೈ ಕೆಳಗಿಟ್ಟು ನೆಟ್ಟಗೆ ನಿಲ್ಲುವುದು. ದೇರಪ್ಪನೇ ಪೊಲೀಸು, ದೇರಪ್ಪನೇ ಕೋರ್ಟು.

ಒಂದು ದಿನ ಮೊಣ್ಣಪ್ಪನ ಮನೆಯ ಸೌದೆರಾಶಿಯ ಕೆಳಗೆ ನಾಲ್ಕು ಮೂಟೆ ಬಿತ್ತನೆ ಭತ್ತ ಸಿಕ್ಕಿತು.

"ರಿಪೋರ್ಟು ಬರೆದರೆ ಜೈಲು," ಎಂದ ದೇರಪ್ಪ.

"ಬರೀಬೇಡಿ ಸುಬೇದಾರ್ರೇ. ಅದನ್ನೂ ಕೊಟ್ರೆ ಗದ್ದೆಗೆ ಎಂತ ಹಾಕೋದು?"

ದೇರಪ್ಪನ ಕಣ್ಣು ಗೋಡೆಯ ಮೇಲೆ ನಿಂತಿತು. ಅಲ್ಲಿ ಮೊಣ್ಣಪ್ಪನ ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿ ತೂಗುತ್ತಿತ್ತು. ರಿಪೋರ್ಟು ಬರೆಯಲಿಲ್ಲ. ಭತ್ತ ಸೌದೆಯ ಕೆಳಗೇ ಉಳಿಯಿತು. ಕೋವಿ ದೇರಪ್ಪನ ಹೆಗಲೇರಿ ಹೋಯಿತು.

ಮುಂದಿನ ಆಟಿ ತಿಂಗಳ ಮಳೆಯಲ್ಲಿ ಮೊಣ್ಣಪ್ಪ ತೀರಿಕೊಂಡ. ಬೇರೆ ಮನೆಯ ಕೋವಿ ಕೇಳಿದರೆ ನಿಮ್ಮದೆಲ್ಲಿ ಎನ್ನುತ್ತಾರೆ, ಆ ಮಾತಿನ ಹಿಂದೆ ಭತ್ತದ ಮಾತೂ ಹೊರಗೆ ಬರುತ್ತದೆ. ಮಗ ಕುಟ್ಟಪ್ಪ ಯಾರನ್ನೂ ಕೇಳಲಿಲ್ಲ. ಈಡಿಲ್ಲದೆ ನಾಲ್ಕೇ ಜನ ಹೊತ್ತರು. ದೇರಪ್ಪನಿಗೆ ಸುದ್ದಿ ತಿಳಿದದ್ದು ಮೂರನೆಯ ದಿನ.

*

ಯುದ್ಧ ಮುಗಿಯಿತು, ಬಿಳಿಯರು ಹೋದರು, ವಸೂಲಿಯ ಅಧಿಕಾರವೂ ಹೋಯಿತು. ಕೊಡಗು ರಾಜ್ಯದ ಮೊದಲ ಚುನಾವಣೆಯ ದಿನ ದೇರಪ್ಪ ಪದಕ ಧರಿಸಿ ಅದೇ ಶಾಲೆಗೆ ಬಂದು, ನೇರ ಬಾಗಿಲಿಗೇ ನಡೆದ. ಬಾಗಿಲಲ್ಲಿದ್ದ ಎಳೆಯ ಮೇಷ್ಟ್ರು ಕೈ ಅಡ್ಡ ಹಿಡಿದರು.

"ಸಾಲಿನಲ್ಲಿ ಬನ್ನಿ ಯಜಮಾನ್ರೇ."

ಯಾರೋ ಕಿಸಕ್ಕೆಂದು ನಕ್ಕರು. ದೇರಪ್ಪ ಹಿಂದಕ್ಕೆ ನಡೆದ. ಸಾಲಿನ ಕೊನೆಯಲ್ಲಿದ್ದವನು ಕುಟ್ಟಪ್ಪ.

"ಇವತ್ತು ಸೀಟಿ ತರಲಿಲ್ವಾ ಸುಬೇದಾರ್ರೇ?"

ಸಾಲು ಐದಾರು ಹೆಜ್ಜೆ ಸರಿಯಿತು. ದೇರಪ್ಪ ಮೆಲ್ಲಗೆ ಹೇಳಿದ: "ಕುಟ್ಟಪ್ಪ, ಕೋವಿಗೆ ವಾರಕ್ಕೊಮ್ಮೆ ಎಣ್ಣೆ ಹಾಕ್ತಾ ಇದ್ದೇನೆ."

ಕುಟ್ಟಪ್ಪ ತಿರುಗಲಿಲ್ಲ. "ಹಾಕಿ. ನನ್ನಪ್ಪನಿಗೆ ಅದರ ಸದ್ದು ಸಿಗಲಿಲ್ಲ."

ಆಮೇಲಿನ ಮೂರು ವರ್ಷಗಳಲ್ಲಿ ದೇರಪ್ಪ ಎಷ್ಟು ಸಲ ಆ ಕೋವಿ ಹೊತ್ತು ಕುಟ್ಟಪ್ಪನ ಗದ್ದೆಯ ಏರಿಯವರೆಗೆ ಹೋದನೋ ಬೊಳ್ಳಮ್ಮನಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ಹೊತ್ತುಕೊಂಡೇ ಬಂದ. "ಹಾಡುಹಗಲು ಹೇಗೆ ಕೊಡೋದು ಬೊಳ್ಳೂ? ಊರು ನೋಡ್ತದೆ," ಎನ್ನುತ್ತಿದ್ದ.

*

ಬಿಸಿಲು ಬರಲಿಲ್ಲ. ಅಂಗಳದಲ್ಲಿ ಆರು ಜನ ಆರೇ ಆಗಿ ಉಳಿದರು. ಬೊಳ್ಳಮ್ಮ ದೀಪಕ್ಕೆ ಎಣ್ಣೆ ಹಾಕಿ, ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಈಡು ಬೇಡವೆಂದವನು, ಕೋವಿ ಕೊಡಬೇಡವೆಂದು ಎಂದೂ ಹೇಳಿರಲಿಲ್ಲ. ಅವಳು ಗೋಡೆಯಿಂದ ಮೊಣ್ಣಪ್ಪನ ಕೋವಿ ಇಳಿಸಿದಳು; ಗೂಡಿನಲ್ಲಿದ್ದ, ಅದಕ್ಕೆ ತುಂಬುವ ತೋಟೆಗಳ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡಳು.

"ಹೆಣ ಒಳಗಿರುವಾಗ ಹೊಸ್ತಿಲು ದಾಟ್ತಾರಾ?" ಕಮಲಕ್ಕ ಎದೆ ಮುಟ್ಟಿಕೊಂಡಳು.

"ಊರು ನೋಡಲಿ," ಎಂದಷ್ಟೇ ಹೇಳಿ ಬೊಳ್ಳಮ್ಮ ಮಂಜಿನೊಳಗೆ ನಡೆದಳು.

ಕುಟ್ಟಪ್ಪ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ. ಕೋವಿ ಕಂಡದ್ದೇ ಅವನ ಕೈಯ ರೆಂಬೆ ಜಾರಿತು.

"ನಿಮ್ಮ ಮನೇದು ಕುಟ್ಟಪ್ಪ. ತಡ ಆಯ್ತು."

"ಸುಬೇದಾರ್ರು..." ಅವನು ಅವಳ ಬಿಚ್ಚಿದ ಕೂದಲನ್ನು ನೋಡಿದ. "ಈಡು ಕೇಳಲಿಲ್ಲವಲ್ಲ ಬೊಳ್ಳಕ್ಕ?"

"ಬೇಡ ಅಂದ್ರು. ಮೊಣ್ಣಪ್ಪನಿಗೆ ಇಲ್ಲದ್ದು ತನಗೂ ಬೇಡ ಅಂತ."

ಡಬ್ಬಿಯಲ್ಲಿ ನಾಲ್ಕು ತೋಟೆಗಳಿದ್ದವು. ಕುಟ್ಟಪ್ಪ ಕೋವಿ ಮಡಚಿ ನಳಿಗೆಯೊಳಗೆ ಕಣ್ಣಿಟ್ಟ. ಎಲ್ಲೂ ತುಕ್ಕಿರಲಿಲ್ಲ. ಬೊಳ್ಳಮ್ಮ ಬರಿಗೈಯಲ್ಲಿ ಹಿಂದಿರುಗಿದಳು.

ಅವಳು ದೀಪದ ಬಳಿ ಕೂರುವಷ್ಟರಲ್ಲಿ ಕುಟ್ಟಪ್ಪನ ಮನೆಯ ದಿಕ್ಕಿನಿಂದ ಸದ್ದು ಬಂತು. ಒಂದು. ಎರಡು.

"ಅವನ ಮನೇಲಿ ಯಾರು ಹೋದ್ರು?" ಪದ್ಮಯ್ಯ ಎದ್ದು ನಿಂತ.

ಬೊಳ್ಳಮ್ಮ ಕಿವಿಗೊಟ್ಟು ಕಾದಳು. ತೋಟೆ ಬದಲಿಸಿ ಗದ್ದೆಯ ಏರಿ ದಾಟಿ ಬರುವಷ್ಟು ಹೊತ್ತು. ಆಮೇಲೆ ಅಂಗಳದ ಕೆಳಗಿನ ಕಾಲುದಾರಿಯಲ್ಲೇ, ತೀರ ಹತ್ತಿರದಲ್ಲಿ, ಮತ್ತೆರಡು.

ಮಂಜಿನೊಳಗಿಂದ ಜನ ಬರತೊಡಗಿದರು. ಕಾಫಿ ಕೊಯ್ಯುತ್ತಿದ್ದವರು ಚೀಲ ಕಟ್ಟಿದ ಸೊಂಟದಲ್ಲೇ ಬಂದರು. ಅಂಗಳ ತುಂಬಿತು. ಕಮಲಕ್ಕ ಇನ್ನೊಂದು ಚಾಪೆ ತರಲು ಒಳಗೋಡಿದಳು.

ಕೊನೆಗೆ ಬಂದ ಕುಟ್ಟಪ್ಪ, ಕೋವಿಯನ್ನು ತನ್ನ ಹೆಗಲಲ್ಲೇ ಉಳಿಸಿಕೊಂಡು, ಬಗ್ಗಿ ಬೊಳ್ಳಮ್ಮನ ಮಡಿಲಲ್ಲಿ ಡಬ್ಬಿ ಇಟ್ಟ. ಒಳಗೆ ನಾಲ್ಕು ಖಾಲಿ ತೋಟೆಗಳು. ಎರಡು ತಣ್ಣಗಾಗಿದ್ದವು. ಎರಡು ಇನ್ನೂ ಬೆಚ್ಚಗಿದ್ದವು.